ಅಂಚೆ ಕಚೇರಿಯ ಮಹಡಿ ಮೇಲೆ

ಮಾರ್ಚ್ 3, ಸೋಮವಾರ
ಬೀಗ ತೆಗೆದೆ, ಸೀಲಿನ ತಾರೀಕು ತಿರುಗಿಸಿದೆ, ಕೂತೆ. ಒಬ್ಬರೂ ಇಲ್ಲ.
ನೂರು ವರ್ಷ ದಾಟಿದ ಕಟ್ಟಡ ಅಂತ ಮೇಲಿನವರಿಗೆ ಈಗ ನೆನಪಾಗಿದೆ. ರಿಪೇರಿಯಂತೆ. ಮುಂಬಾಗಿಲು, ಕೌಂಟರು, ನಾನು ವಾಸವಿರೋ ಮಹಡಿಗೆ ಹತ್ತೋ ಮೆಟ್ಟಿಲು — ಎಲ್ಲ.
ಬಡಗಿ ಬಂದರು, ಹೆಚ್ಚುಕಡಿಮೆ ನನ್ನ ವಯಸ್ಸು. "ಪೋಸ್ಟ್‌ಮಾಸ್ಟರ್ ಸಾಹೇಬ್ರು ಎಲ್ಲಿ?"
"ನಾನೇ."
"ಹಾಗಾದ್ರೆ ನಿಮ್ಮನ್ನೇ ಕೇಳ್ಬೇಕು ಮೇಡಂ. ಸುತ್ತಿಗೆ ಸದ್ದಾಗುತ್ತೆ. ಪರವಾಗಿಲ್ವಾ?"
ಪರವಾಗಿಲ್ಲ ಅಂದೆ. ಇಲ್ಲಿ ಸದ್ದು ಅನ್ನೋದು ಕೇಳಿ ಎಷ್ಟು ಕಾಲವಾಯ್ತೋ.

ಮಾರ್ಚ್ 6
ಟೀಗೆ ಕೈ ತಾನಾಗಿ ಎರಡು ಲೋಟ ಇಟ್ಟಿತು. ಬಡಗಿ ಮೆಟ್ಟಿಲ ಮೇಲೆ ಕೂತು ಕುಡಿದರು. ಹೆಂಡತಿ ತೀರಿಹೋಗಿದ್ದಾರೆ, ಮಕ್ಕಳಿಲ್ಲ.
"ರೇಡಿಯೋ ಹಾಕಿಟ್ಟೇ ಬೀಗ ಹಾಕ್ತೀನಿ. ವಾಪಸ್ ಹೋದಾಗ ಮನೇಲಿ ಯಾರೋ ಮಾತಾಡ್ತಿರ್ತಾರಲ್ಲ."
ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರೇ ನಕ್ಕರು.

ಮಾರ್ಚ್ 19
ತಂಗಿ ಫೋನು. "ಅಕ್ಕಾ, ದನಿ ಏನೋ ಬೇರೆ ಥರ ಇದೆ." ನೆಗಡಿ ಅಂದೆ. ಸುಳ್ಳು.
ಕೌಂಟರಿಗೆ ಪಾಲಿಶ್ ಆಯ್ತು. ಮುಖ ಕಾಣಿಸುತ್ತೆ. ಇಷ್ಟು ಬೇಗ ಯಾಕೆ ಮುಗಿಸ್ತಾರೋ...

ಮಾರ್ಚ್ 28
ಕೆಲಸ ಮುಗೀತು. ಉಳಿ, ಸುತ್ತಿಗೆ ಚೀಲಕ್ಕೆ ತುಂಬಿಕೊಂಡರು.
"ಮಳೇಲಿ ಬಾಗಿಲು ಬಿಗಿಯಾದ್ರೆ ಫೋನ್ ಮಾಡಿ." ನಂಬರ್ ಕೊಟ್ಟರು.
ಸರಿ ಅಂದೆ. ಅಷ್ಟೇ ಅಂದೆ.

ಏಪ್ರಿಲ್ 9
ಪೇಪರಲ್ಲಿ ಕಟ್ಟಡದ ಫೋಟೋ ಬಂದಾಗಿನಿಂದ ಜನವೋ ಜನ. ಕಾಗದ ಹಾಕೋಕಲ್ಲ, ಫೋಟೋ ತೆಗೆಯೋಕೆ. "ಆಂಟಿ, ಸ್ವಲ್ಪ ಪಕ್ಕಕ್ಕೆ ಸರೀತೀರಾ?" ಸರಿದೆ.
ಆರಕ್ಕೆ ಬಾಗಿಲು ಹಾಕಿದೆ. ಮಹಡಿ ಬಿಕೋ ಅಂತಿತ್ತು.

ಜೂನ್ 21
ಬಡಗಿ ಬಂದಿದ್ದರು. ಮಳೆ ಶುರುವಾಯ್ತಲ್ಲ, ಬಾಗಿಲು ನೋಡೋಣ ಅಂತ. ತೆಗೆದರು, ಹಾಕಿದರು. ಎಲ್ಲೂ ಹಿಡಿಯಲಿಲ್ಲ.
"ಚೆನ್ನಾಗಿದೆ" ಅಂದೆ.
"ಚೆನ್ನಾಗೇ ಇದೆ" ಅಂದರು. ನಿಂತೇ ಇದ್ದರು. ಪಾರ್ಸಲ್‌ನವರು ಬಂದರು, ತೂಕ ಹಾಕಿ ತಲೆ ಎತ್ತೋ ಹೊತ್ತಿಗೆ — ಹೋಗಿದ್ದರು.
ಒಂದು ಮಾತು ಆಡೋಕೆ ನನಗೇನು ಧಾಡಿಯಾಗಿತ್ತು.

ಜೂನ್ 22, ಭಾನುವಾರ
ಫೋನ್ ಮಾಡಿದೆ.
"ಬಾಗಿಲು ಬಿಗಿಯಾಯ್ತಾ ಮೇಡಂ?"
"ಬಾಗಿಲಿಗೇನೂ ಆಗಿಲ್ಲ. ಸುಮ್ನೆ... ಟೀಗೆ ಬನ್ನಿ."
ಆ ಕಡೆ ರೇಡಿಯೋ ದನಿ ತಗ್ಗಿತು. ಆಮೇಲೆ, "ನಾಲ್ಕಕ್ಕೆ ಬರ್ಲಾ?"

ಅದೇ ದಿನ, ನಾಲ್ಕೂ ಕಾಲು
ಬಟ್ಟೆ ಬದಲಿಸಿದೆ. ಅತಿಯಾಯ್ತು ಅನಿಸಿ ಮತ್ತೆ ಹಳೇದನ್ನೇ ಹಾಕಿಕೊಂಡೆ. ಮಳೆ ಜೋರು. ಬರದಿದ್ದರೂ ಸರಿ. ಬಾಯಿ ಬಿಟ್ಟು ಕೇಳಿದೆನಲ್ಲ.
ಕೆಳಗೆ ಯಾರೋ ಕೊಡೆ ಕೊಡವುತ್ತಾ ಇ—