ಓಣಿ ಕೇಳುವ ಕಾಲಂ

೨೧೪೮, ಫೆಬ್ರವರಿ ಮೂವತ್ತು
ದುಡಿಮೆಕಟ್ಟೆ, ತುಂಗಭದ್ರೆಯ ದಂಡೆ

ನೂರಿಪ್ಪತ್ತು ವರ್ಷ ಹಿಂದೆ, ವಿಶ್ವವಿದ್ಯಾಲಯಗಳಲ್ಲಿ ಪ್ಲೇಸ್‌ಮೆಂಟ್ ಕಚೇರಿ ಕಟ್ಟಲು ಹೊರಟಿರುವ ಅಕ್ಕಂದಿರೇ, ಅಣ್ಣಂದಿರೇ,

ತಾರೀಖು ತಪ್ಪಿಲ್ಲ. ನಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿದೆ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಒರಟೆನಿಸಿದರೆ ಮಾತ್ರ ಕ್ಷಮೆ ಕೇಳುವುದಿಲ್ಲ. ಇವತ್ತು ನಯವಾಗಿ ಬರೆಯುವ ದಿನವಲ್ಲ.

ನಾನು ಹುಲಿಗೆಮ್ಮ, ಇಲ್ಲಿನ ದುಡಿಮೆಕಟ್ಟೆಯ ಸಂಚಾಲಕಿ. ನಿಮ್ಮ ಪ್ಲೇಸ್‌ಮೆಂಟ್ ಕಚೇರಿಯನ್ನೂ ಓದಿನ ಜೊತೆ ಕೆಲಸ ಕಲಿಸುವ ವಿಭಾಗವನ್ನೂ ಒಂದು ಮಾಡಿ, ಎಸಿ ಕೋಣೆಯಿಂದ ಬಯಲಿಗೆ ಎಳೆತಂದರೆ ಆಗುವುದೇ ದುಡಿಮೆಕಟ್ಟೆ. ನಮ್ಮ ಮಕ್ಕಳು ಆರು ತಿಂಗಳು ತರಗತಿಯಲ್ಲಿ, ಆರು ತಿಂಗಳು ಕಾರ್ಖಾನೆ, ಆಸ್ಪತ್ರೆ, ಪ್ರಯೋಗಾಲಯಗಳಲ್ಲಿ ಕಲಿಯುತ್ತಾರೆ. ಇದಕ್ಕೆ ಜೋಡುಗಾಲ ಎನ್ನುತ್ತೇವೆ. ಟೈ ಕಟ್ಟಿಕೊಂಡು ಹೆದರುತ್ತ ಸಾಲುಗಟ್ಟಿ ನಿಲ್ಲುವ ಪದ್ಧತಿ ಇಲ್ಲಿಲ್ಲ. ಕಂಪನಿಯವರೇ ಬಂದು ಕಟ್ಟೆಯ ಮೇಲೆ ಕೂರಬೇಕು. ಹೋದ ಸರದಿಯಲ್ಲಿ ಅವರಲ್ಲಿ ದುಡಿದು ಬಂದವರು ಎಲ್ಲರೆದುರು ನಿಂತು, ಅಲ್ಲಿ ಏನು ಕಲಿಸಿದರು, ಹೇಗೆ ನಡೆಸಿಕೊಂಡರು ಎಂದು ಹೇಳುತ್ತಾರೆ. ಅದು ಮರಳುಮಾತು. ಅದು ಮುಗಿಯುವವರೆಗೆ ಒಂದು ಅರ್ಜಿಯೂ ಕಂಪನಿಯ ಕೈ ಸೇರುವುದಿಲ್ಲ.

ಹೋದ ವಾರ ಚಂಪಾ ನಿಂತಳು. ರಸಾಯನಶಾಸ್ತ್ರದ ಹುಡುಗಿ, ತರಗತಿಗೇ ಮೊದಲನೆಯವಳು. ನೀರು ಪರೀಕ್ಷಿಸುವ ಕಂಪನಿಯೊಂದಕ್ಕೆ ಹೋಗಿದ್ದಳು. "ಆರು ತಿಂಗ್ಳು ನನ್ ಕೈಗೆ ಒಂದು ಟೆಸ್ಟ್ ಟ್ಯೂಬ್ ಕೊಡ್ಲಿಲ್ರೀ. ಗಟಾರದ ಜಾಲರಿ ತಿಕ್ಕಿಸಿದ್ರು. ಯಾಕಂತ ಕೇಳಿದ್ರೆ, ನಿಮ್ಮೋರಿಗೆ ರೂಢಿ ಐತಲ್ಲ ಅಂದ್ರು." ಕಟ್ಟೆಯ ಮೇಲಿದ್ದ ಕಂಪನಿಯ ಅಧಿಕಾರಿ ನಗಲು ನೋಡಿದ. "ಅದೂ ಟ್ರೇನಿಂಗೇ ಅಲ್ಲೇನವ್ವಾ?" ಅವಳು ಬಿಡಲಿಲ್ಲ. "ಹಂಗಾದ್ರೆ ನೀವ್ ಯಾವ ವರ್ಷ ಈ ಟ್ರೇನಿಂಗ್ ಮುಗ್ಸಿದ್ರಿ, ಸಾಹೇಬ್ರ?" ನೆರೆದವರೆಲ್ಲ ಹೋ ಎಂದರು. ಆತ ಎದ್ದು ಹೋದ.

ಅವಳ ಜಾತಿ ಅವರಿಗೆ ಹೇಗೆ ಗೊತ್ತಾಯಿತು? ನಮ್ಮ ಅರ್ಜಿಯಲ್ಲಿ ಜಾತಿಯಿಲ್ಲ, ಅಪ್ಪನ ಹೆಸರಿಲ್ಲ, ಅಡ್ಡಹೆಸರಿಲ್ಲ, ಫೋಟೊ ಇಲ್ಲ. ಇವನ್ನೆಲ್ಲ ತೆಗೆಸಲು ನಮ್ಮ ಹಿರಿಯರು ಲಾಠಿ ತಿಂದಿದ್ದರು. ಆ ಹಿರಿಯರೇ, ಮಕ್ಕಳ ಮನೆಯ ಹತ್ತಿರಕ್ಕೆ ಬಸ್ಸು ಕಳಿಸೋಣವೆಂಬ ಒಳ್ಳೆಯ ಮನಸ್ಸಿನಿಂದ, ಒಂದು ಕಾಲಂ ಉಳಿಸಿದರು: ಊರು, ಓಣಿ. ಈ ನಾಡಿನಲ್ಲಿ ಓಣಿ ಹೇಳಿದ ಮೇಲೆ ಹೇಳಲು ಇನ್ನೇನು ಬಾಕಿ ಇರುತ್ತದೆ? ಹದಿನೆಂಟು ವರ್ಷ ಆ ಅರ್ಜಿಗಳನ್ನು ನಾನೇ ಕೈಯಾರೆ ಕಂಪನಿಗಳಿಗೆ ಕೊಟ್ಟೆ. ನಾನೂ ಅಂಥದೇ ಓಣಿಯವಳು. ನನ್ನ ಕಣ್ಣಿಗೂ ಬೀಳಲಿಲ್ಲ. ಆ ಹಿರಿಯರು ಬೇರೆ ಯಾರೂ ಅಲ್ಲ, ನೀವೇ.

ಈಗ ಆ ಕಂಪನಿಯ ದೂರಿನ ಮೇಲೆ ಆಡಳಿತ ಮಂಡಳಿಯ ಆದೇಶ ಬಂದಿದೆ. ಚಂಪಾ ತನ್ನ ಮರಳುಮಾತನ್ನು ಹಿಂತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಅವಳಿಗೆ ಪದವಿ ಇಲ್ಲ. ಕೆಳಗೆ ನನ್ನ ಸಹಿ ಬೇಕಂತೆ. ಕುಲಪತಿಗಳು ಮೆಲ್ಲಗೆ ಕರೆದು ಹೇಳಿದರು: "ಹುಲಿಗೆಮ್ಮಾ, ಒಂದ್ ಹುಡುಗಿ ಸಲುವಾಗಿ ಸಾವಿರ ಮಕ್ಕಳ ನೌಕರಿ ಕಳೀತೀಯೇನು?" ಆ ಮಕ್ಕಳೇ ಉತ್ತರ ಕೊಡುತ್ತಿದ್ದಾರೆ. ಬೆಳಗಿನಿಂದ ಕಟ್ಟೆಗೆ ಬಂದು, ತಮ್ಮ ತಮ್ಮ ಅರ್ಜಿ ಕೇಳಿ ಪಡೆದು, ಓಣಿಯ ಹೆಸರಿನ ಮೇಲೆ ಗೀಟು ಎಳೆಯುತ್ತಿದ್ದಾರೆ. ದೊಡ್ಡ ಓಣಿಗಳ ಮಕ್ಕಳೂ ಇದ್ದಾರೆ. ಕೆಲವರು ಒಮ್ಮೆ ಅರ್ಜಿ ಮಡಚಿಟ್ಟದ್ದನ್ನು ನೋಡಿದೆ. ಮತ್ತೆ ಬಿಚ್ಚಿ ಎಳೆದರು.

ಆ ಅರ್ಜಿಯ ಮೊದಲ ಕರಡು ಇವತ್ತು ನಿಮ್ಮ ಮೇಜಿನ ಮೇಲಿದೆ. ಆ ಕಾಲಂ ಹೊಡೆದುಹಾಕಿ. ಇದನ್ನು ಬೇಡುತ್ತಿಲ್ಲ, ಹಕ್ಕಿನಿಂದ ಕೇಳುತ್ತಿದ್ದೇನೆ. ಉದ್ದೇಶ ಒಳ್ಳೆಯದು ಎಂದು ಯಾರಾದರೂ ಸಮಜಾಯಿಷಿ ಕೊಟ್ಟರೆ, ಕಾಗದ ಕೊನೆಗೆ ಯಾರ ಕೈಗೆ ಹೋಗುತ್ತದೆ ಎಂದು ಕೇಳಿ. ನೀವು ಮಾಡದಿದ್ದರೂ ನಾವು ಇಲ್ಲಿ ಮಾಡಿಯೇ ತೀರುತ್ತೇವೆ. ಆದರೆ ನಡುವಿನ ನೂರಿಪ್ಪತ್ತು ವರ್ಷಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಪುಸ್ತಕ ಮುಚ್ಚಿಟ್ಟು ಗಟಾರಕ್ಕೆ ಬಗ್ಗಬೇಕು ಎನ್ನುವುದು ನಿಮ್ಮ ಪೆನ್ನಿನಲ್ಲಿದೆ.

ಮಂಡಳಿಯ ಜವಾನ ಆದೇಶ ವಾಪಸ್ ಒಯ್ಯಲು ಕಾದು ನಿಂತಿದ್ದಾನೆ. ಸಹಿಯ ಜಾಗದಲ್ಲಿ ಚಂಪಾಳ ಮಾತನ್ನೇ ಪೂರ್ತಿ ಬರೆದಿದ್ದೇನೆ. ಜಾಗ ಸಾಲದೆ ಅದು ಅವರ ಮೊಹರಿನ ಮೇಲೂ ಹತ್ತಿದೆ. ಹತ್ತಲಿ.

ಹುಲಿಗೆಮ್ಮ