ವಾನ್ ಅಕ್ಕನ ಮಾತಿಗೆ ನೂರು ಮೊಟ್ಟೆ

ಬ್ಯಾಂಕಾಕ್
ಶನಿವಾರ, ಜೂನ್ ೧೪, ಬುದ್ಧವರ್ಷ ೨೫೬೮

ಪ್ರೀತಿಯ ಅಮ್ಮನಿಗೆ ನಿನ್ನ ಫಾಯಿಯ ನಮಸ್ಕಾರಗಳು.

ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ನಿನ್ನೆಯಿಂದ ತಲೆ ಮೊಸರು ಗಡಿಗೆಯಾಗಿದೆ. ಫೋನಿನಲ್ಲಿ ಕೇಳಿದರೆ ನೀನು ನಗುತ್ತೀ. ಹರಕೆಯ ವಿಚಾರದಲ್ಲಿ ನಮ್ಮೂರು ಲಂಪಾಂಗಿಗೆಲ್ಲ ನೀನೇ ಪಂಡಿತೆ, ಅದಕ್ಕೇ ಈ ಕಾಗದ.

ನಮ್ಮ ಆಫೀಸು ಹತ್ತು ನಿಮಿಷದ ಪ್ರೇಮದ ತಮಾಷೆ ಚಿತ್ರಗಳನ್ನು ಮಾಡುತ್ತದೆಂದು ನಿನಗೆ ಗೊತ್ತು. ಈ ಸಲದ್ದು ಒಂದೇ ಆಫೀಸಿನ ಇಬ್ಬರು ಹುಡುಗಿಯರ ಕಥೆ. ಬರಬೇಕಿದ್ದ ನಟಿಯರಿಬ್ಬರೂ ಧಾರಾವಾಹಿ ಸಿಕ್ಕಿತೆಂದು ಕೈಕೊಟ್ಟರು. ನಿರ್ದೇಶಕ ದೇಚಾ ಅಣ್ಣ ಸುತ್ತ ನೋಡಿ, "ಫಾಯಿ, ನೀನ್ ನಿಂತ್ಕೋ. ವಾನ್, ನೀನೂ ಬಾ. ದಿನಾ ಕಿತ್ತಾಡ್ತೀರಲ್ಲ, ಅದನ್ನೇ ಕ್ಯಾಮೆರಾ ಮುಂದೆ ಮಾಡಿ, ಕೊನೇಲಿ ವಾನ್ ಪ್ರೀತಿಸ್ತೀನಿ ಅನ್ಲಿ, ಮುಗೀತು" ಎಂದ. ವಾನ್ ಅಕ್ಕ ನಮ್ಮಲ್ಲಿ ಧ್ವನಿಮುದ್ರಣ ನೋಡಿಕೊಳ್ಳುವವಳು. ನನಗಿಂತ ಮೂರು ತಿಂಗಳಷ್ಟೇ ದೊಡ್ಡವಳು, ಆದರೂ ಅಕ್ಕ ಎನ್ನಿಸಿಕೊಳ್ಳದೆ ಬಿಡುವುದಿಲ್ಲ. ನನ್ನ ಕೆಲಸ ಚಿತ್ರಕಥೆಯ ಹಾಳೆ ಹಿಡಿದು ಯಾರು ಯಾವ ಮಾತು ತಪ್ಪಿದರೆಂದು ಗುರುತು ಹಾಕುವುದು.

ಇನ್ನು ನಿನ್ನಿಂದ ಮುಚ್ಚಿಟ್ಟದ್ದು. ಏಪ್ರಿಲ್‌ನಲ್ಲಿ ಹೊಸವರ್ಷದ ನೀರಾಟ ಮುಗಿದ ವಾರ ಆಫೀಸಿನೆದುರಿನ ಕಾವಲು ದೇವರು ಅಜ್ಜನ ಗುಡಿಯಲ್ಲಿ ಹರಕೆ ಹೊತ್ತಿದ್ದೆ: "ಅಜ್ಜಾ, ವಾನ್ ಅಕ್ಕ ಒಂದೇ ಒಂದ್ಸಲ ನನ್ನ ಮುಖ ನೋಡಿ ಪ್ರೀತಿಸ್ತೀನಿ ಅನ್ಲಿ, ನೂರು ಬೇಯಿಸಿದ ಮೊಟ್ಟೆ ಇಡ್ತೀನಿ." ಹೌದಮ್ಮ, ಅವಳೇ. ಎರಡು ವರ್ಷದಿಂದ. ನೀನು ಯಾರಾದರೂ ಇದ್ದಾರೇನೇ ಎಂದಾಗಲೆಲ್ಲ ಕೆಲಸ ಜಾಸ್ತಿ ಎಂದದ್ದು ಸುಳ್ಳು.

ನಿನ್ನೆ ಚಿತ್ರೀಕರಣದಲ್ಲಿ ಅಕ್ಕ ನನ್ನ ಮುಖ ನೋಡಿ ಅಂದೇಬಿಟ್ಟಳು. ಒಂದಲ್ಲ, ಒಂಬತ್ತು ಸಲ! ಮೊದಲನೆಯ ಸಲ ನಾನು ಸೀನಿದೆ, ಎರಡನೆಯ ಸಲ ಅಳು ಬಂತು. ಮೂರನೆಯದು ಚೆನ್ನಾಗಿ ಬಂತು, ದೇಚಾ ಅಣ್ಣ ಸಾಕೆಂದ. ಅವಳೇ "ಇನ್ನೊಂದ್ಸಲ ತಗೊಳ್ಳಣ್ಣಾ, ಫ್ಯಾನ್ ಸದ್ದು ಬಂತು" ಎನ್ನುತ್ತ ಹೋದಳು. ಫ್ಯಾನು ಬೆಳಗಿನಿಂದ ತಿರುಗಿರಲೇ ಇಲ್ಲ. ಹಾಗಾದರೆ? ಏನೂ ಇಲ್ಲದೆಯೂ ಇರಬಹುದು, ಕೆಲಸದಲ್ಲಿ ಅವಳು ಭಾರಿ ಹಟಮಾರಿ.

ಈಗ ಹೇಳು, ಹರಕೆ ಫಲಿಸಿತೋ ಇಲ್ಲವೋ? ಕ್ಯಾಮೆರಾ ಇಲ್ಲದಾಗ ಎಂದು ನಾನು ಕೇಳಿರಲಿಲ್ಲ. ಕೇಳಿದ್ದನ್ನು ಅಜ್ಜ ಹಾಗೇ ಕೊಟ್ಟಿದ್ದಾನೆ. ಮೊಟ್ಟೆ ಇಟ್ಟರೆ ನನ್ನ ಪಾಲಿಗೆ ಬಂದದ್ದು ಈ ನಾಟಕದ ಪ್ರೀತಿ ಅಷ್ಟೇ ಎಂದು ನಾನೇ ಒಪ್ಪಿಕೊಂಡಂತೆ. ಇಡದಿದ್ದರೆ ದೇವರಿಗೆ ಮಾತು ತಪ್ಪಿದವಳು. ಹರಕೆ ಮರೆತು ಚಿಕ್ಕಪ್ಪ ಕಾಲು ಮುರಿದುಕೊಂಡದ್ದನ್ನು ನೀನೇ ಹೇಳಿದ್ದೆ. ನನಗೆ ಭಯವಾಗುತ್ತಿದೆಯಮ್ಮ, ಕಾಲಿನದಲ್ಲ. ಅವಳು ಅಂದದ್ದು ಬರೀ ಬರೆದುಕೊಟ್ಟ ಮಾತಾಗಿದ್ದರೆ ಸೋಮವಾರದಿಂದ ಅವಳ ಪಕ್ಕದ ಮೇಜಿನಲ್ಲಿ ಹೇಗೆ ಕೂರಲಿ?

ಬೇಗ ಉತ್ತರ ಬರಿ. ನಗಬೇಡ.

ನಿನ್ನ ದಡ್ಡ ಮಗಳು,
ಫಾಯಿ

ಮತ್ತೆ ಬರೆದದ್ದು, ಸೋಮವಾರ: ಕಾಗದ ಇನ್ನೂ ಚೀಲದಲ್ಲೇ ಇತ್ತು. ಮಧ್ಯಾಹ್ನ ನೂಡಲ್ಸ್ ಅಂಗಡಿಯಲ್ಲಿ ತಡೆಯಲಾರದೆ ಅಕ್ಕನಿಗೇ ಎಲ್ಲ ಹೇಳಿ, ಹರಕೆ ತೀರಿಸಲೋ ಬೇಡವೋ ಎಂದು ಕೇಳಿದೆ. ಅವಳು ಬಟ್ಟಲು ಕೆಳಗಿಟ್ಟು, "ಒಂಬತ್ತು ಸಲ ಅಂದೆ ಕಣೇ. ನೀನೂ ಒಂದ್ಸಲ ಅಂತೀಯೇನೋ ಅಂತ ಕಾದೆ. ಹಾಳೇಲಿ ನಿಂಗೆ ಮಾತಿಲ್ಲ ಅಂತ ಗೂಟದ ಹಾಗೆ ನಿಂತಿದ್ಯಲ್ಲ!" ಎಂದು ಬೈದಳು. ಅಲ್ಲೇ ಅಂದುಬಿಟ್ಟೆ. ಗಾಬರಿಯಲ್ಲಿ ಜೋರಾಗಿಯೇ ಅಂದೆ. ನಿನಗಿಂತ ಮೊದಲು ನೂಡಲ್ಸ್ ಅಂಗಡಿಯ ಹೆಂಗಸಿಗೆ ಗೊತ್ತಾಯಿತು, ಕ್ಷಮಿಸಮ್ಮ.