ಗುಮಾಸ್ತನ ಚಾಪೆ

ಮಾರ್ಚ್ ೪, ಮಂಗಳವಾರ

ಮತ್ತೆ ಅದೇ. ಅತ್ತೆ ವಾಕರ್ ಹಿಡಿದು ಕುರ್ಚಿಯಿಂದ ಎದ್ದರು. ಎದ್ದದ್ದೇ ತಡ, ನಮ್ಮ ನಾಯಿ ಗುಮಾಸ್ತ ಎಲ್ಲಿದ್ದನೋ ಓಡಿಬಂದು ಅವರ ಎಡಗಾಲನ್ನು ತಬ್ಬಿಕೊಂಡು ಸೊಂಟ ಅಲ್ಲಾಡಿಸತೊಡಗಿದ. ಆಪರೇಷನ್ ಆದದ್ದು ಬಲ ಮೊಣಕಾಲು, ಅಷ್ಟಾದರೂ ಪುಣ್ಯ. ಅತ್ತೆ ಧೊಪ್ಪನೆ ಕುಳಿತುಬಿಟ್ಟರು. ನಾನು ಕಿಟಕಿಯ ಹೊರಗೆ ನೋಡಿದೆ. ಅವರು ಗಡಿಯಾರ ನೋಡಿದರು. ಗುಮಾಸ್ತ ಮಾತ್ರ ಯಾವ ಸಂಕೋಚವೂ ಇಲ್ಲದೆ ನಮ್ಮಿಬ್ಬರನ್ನೂ ನೋಡಿದ.

ಬಿಸ್ಕತ್ತು ಎಸೆದೆ. ಇಳಿದು ಹೋದ.

"ಅದಕ್ಕೆ ಹಸಿವಾಗಿತ್ತೋ ಏನೋ," ಎಂದರು ಅತ್ತೆ. ಇರಬಹುದು ಎಂದೆ.

ಕಿವಿ ಕೇಳಿಸದವರಿಗಾಗಿ ಚಲನಚಿತ್ರಗಳಿಗೆ ಅಡಿಬರಹ ಹಾಕುವುದು ನನ್ನ ಕೆಲಸ. ಬಾಗಿಲು ಕಿರುಗುಟ್ಟಿದರೆ ಅದಕ್ಕೊಂದು ಮಾತು, ಯಾರೋ ಉಸಿರು ಬಿಗಿಹಿಡಿದರೆ ಅದಕ್ಕೊಂದು. ಈ ಮನೆಯಲ್ಲಿ ದಿನಾ ನಡೆಯುವ ಇದೊಂದಕ್ಕೆ, ಅತ್ತೆಯ ಎದುರು ಅಳಿಯನಾದವನು ಆಡಬಹುದಾದ ಪದ ಇನ್ನೂ ಸಿಕ್ಕಿಲ್ಲ.

ಮಾರ್ಚ್ ೬, ಗುರುವಾರ

ಫಿಸಿಯೋ ಬಂದಿದ್ದ. ಮೊಣಕಾಲು ಬಗ್ಗಬೇಕಾದಷ್ಟು ಬಗ್ಗುತ್ತಿಲ್ಲ. ನಡೆಯುತ್ತಿದ್ದೀರಾ ಎಂದು ಕೇಳಿದ. ನಡೆಯುತ್ತಿದ್ದೇನೆ ಎಂದರು ಅತ್ತೆ. ಹಸಿ ಸುಳ್ಳು. ನಾನೂ ತಲೆಯಾಡಿಸಿದೆ.

ಹೀಗೇ ಕುಳಿತರೆ ಕೀಲು ಬಿಗಿದುಹೋಗುತ್ತದಂತೆ. ಆಮೇಲೆ ಮತ್ತೆ ಆಸ್ಪತ್ರೆ, ಮತ್ತೆ ಅರಿವಳಿಕೆ ಮದ್ದು, ಬಲವಂತವಾಗಿ ಬಗ್ಗಿಸುವುದು. ತಿಂಗಳ ಕೊನೆಗೆ ಡಾಕ್ಟರು ನೋಡಿ ನಿರ್ಧರಿಸುತ್ತಾರಂತೆ. ಅತ್ತೆಯ ಮುಖ ಸಣ್ಣದಾಯಿತು.

ಗುಮಾಸ್ತ ಅಷ್ಟೂ ಹೊತ್ತು ಬಾಗಿಲ ಬಳಿ ಮುಂಗಾಲು ಜೋಡಿಸಿ ಕುಳಿತಿದ್ದ. "ಎಂಥ ಸಾಧು ನಾಯಿ ನಿಮ್ದು," ಎಂದ ಫಿಸಿಯೋ. ಅತ್ತೆ ನನ್ನತ್ತ ನೋಡಿದರು. ನಾನು ಅವರತ್ತ. ತಕ್ಷಣ ಇಬ್ಬರೂ ಬೇರೆ ಕಡೆ.

ಸಂಜೆ ಹೆಂಡತಿ ಲ್ಯಾಬಿನಿಂದ ಬಂದ ಮೇಲೆ ಅಡುಗೆಮನೆಯಲ್ಲಿ ಪಿಸುದನಿಯಲ್ಲಿ ಎಲ್ಲ ಹೇಳಿದೆ. ಕಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು ಹೇಳಿದಳು, "ಅಮ್ಮ ನಡೀಲೇಬೇಕು ಕಣ್ರೀ. ಇವನು ಬಿಡಲ್ಲ ಅಂದ್ರೆ ತಮ್ಮನ ಮನೆಗೆ ಕಳಿಸೋಣ."

ಬಾಮೈದನ ಮನೆಯಲ್ಲಿ ದೊಡ್ಡ ಅಂಗಳವಿದೆ. ಅಂಗಳದಲ್ಲಿ ಒಂದು ಗೂಟವೂ ಇದೆ. ಹಿಂದಿನ ನಾಯಿ ಹಗಲೆಲ್ಲ ಅದರ ಸುತ್ತ ತಿರುಗುತ್ತಿದ್ದದ್ದನ್ನು ನೋಡಿದ್ದೇನೆ. ಅವಳೂ ನೋಡಿದ್ದಾಳೆ. ಇಬ್ಬರೂ ಪಾತ್ರೆ ತೊಳೆದೆವು.

ಮಾರ್ಚ್ ೭, ಶುಕ್ರವಾರ

ಮಹಡಿ ಮನೆಯ ಟೀಚರಮ್ಮ ಅತ್ತೆಯನ್ನು ನೋಡಲು ಬಂದರು. ಗುಮಾಸ್ತ ಅವರನ್ನೂ ಬಿಡಲಿಲ್ಲ. ಅವರು ಚಪ್ಪಾಳೆ ತಟ್ಟಿ ನಕ್ಕದ್ದಕ್ಕೆ ಅವನಿಗೆ ಇನ್ನಷ್ಟು ಉತ್ಸಾಹ.

"ಪ್ರಾಯ ರೀ, ಪ್ರಾಯ. ಆಪರೇಷನ್ ಮಾಡಿಸಿಬಿಡಿ."

ಮರಿಯಾಗಿದ್ದಾಗಲೇ ಮಾಡಿಸಿದ್ದೇವೆ ಎಂದೆ.

"ಹಾಗಾದ್ರೆ ಡಾಕ್ಟರು ಏನೋ ಮರೆತುಬಿಟ್ಟಿದ್ದಾರೆ."

ಅತ್ತೆ ಎದ್ದು ಒಳಗೆ ಹೋಗಲೂ ಆಗದೆ, ಕೂರಲೂ ಆಗದೆ, ಕಣ್ಣು ಮುಚ್ಚಿಕೊಂಡರು. ಸಂಜೆಯ ಕಾಫಿ ತಮ್ಮ ಕೋಣೆಗೇ ತರಿಸಿಕೊಂಡರು. ಊಟವನ್ನೂ.

ಮಾರ್ಚ್ ೧೧, ಮಂಗಳವಾರ

ನಾಯಿ ಡಾಕ್ಟರ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸ್ವಲ್ಪ ಅತಿ ಸಲಿಗೆ... ಕಾಲಿನ ವಿಷಯದಲ್ಲಿ... ಎಂದು ತೊದಲಿದೆ.

"ಏರ್ತಾನೆ ಅಂತ ಹೇಳಿ ಸರ್. ದಿನಾ ಕೇಳ್ತೀನಿ."

ಏರ್ತಾನೆ ಎಂದೆ. ಏನೂ ಆಗಲಿಲ್ಲ. ಗೋಡೆ ಕುಸಿಯಲಿಲ್ಲ.

ಚರ್ಮ ನೋಡಿದರು, ಮೂತ್ರ ಪರೀಕ್ಷೆ ಮಾಡಿಸಿದರು. ಸೋಂಕಿದ್ದರೆ, ತುರಿಕೆಯಿದ್ದರೆ ಕೂಡ ಹೀಗೆ ಮಾಡುವುದುಂಟಂತೆ. ಏನೂ ಇಲ್ಲ. ಬಹಳ ಸಲ ಇದಕ್ಕೂ ಕಾಮಕ್ಕೂ ಸಂಬಂಧವೇ ಇರುವುದಿಲ್ಲವಂತೆ. ಖುಷಿ ಉಕ್ಕಿದರೂ ಏರುತ್ತವೆ, ಗಾಬರಿಯಾದರೂ ಏರುತ್ತವೆ. ಒಳಗಿನದನ್ನು ಎಲ್ಲಿ ಹಾಕಬೇಕೋ ತಿಳಿಯದೆ ಸಿಕ್ಕಿದ ಕಾಲಿನ ಮೇಲೆ ಹಾಕುತ್ತವೆ.

ಏರಿದಾಗ ಏನು ಮಾಡುತ್ತೀರಿ ಎಂದು ಕೇಳಿದರು. ಬಿಸ್ಕತ್ತು ಎಸೆಯುತ್ತೇನೆ ಎಂದೆ. ಪೆನ್ನು ಕೆಳಗಿಟ್ಟರು.

"ಹೆಸರು ಗುಮಾಸ್ತ ಅಂದ್ರಲ್ಲ. ಸಂಬಳ ಕೊಟ್ಟು ಕೆಲಸ ಮಾಡಿಸ್ತಿದ್ದೀರಿ."

ಬೈಯಬಾರದು, ನಗಬಾರದು, ಎಳೆದಾಡಬಾರದು. ಏರುವ ಮೊದಲೇ ಬೇರೆ ಕೆಲಸ ಕೊಡಬೇಕು. ಮೂಲೆಯಲ್ಲೊಂದು ಚಾಪೆ, ಬಿಸ್ಕತ್ತು ಅಲ್ಲಿ ಕುಳಿತರೆ ಮಾತ್ರ. ಕಲಿಯುವ ತನಕ ವಾಕರ್ ಹೊರಡುವಾಗ ಬೆಲ್ಟು ಹಾಕಿ ದೂರ ಹಿಡಿದಿರಬೇಕು. ಆದರೂ ತಪ್ಪಿಸಿಕೊಂಡು ಬಂದು ಏರಿದರೆ, ಯಾರ ಕಾಲೋ ಅವರು ಗಟ್ಟಿಯಾಗಿ ಏನಾದರೂ ಹಿಡಿದುಕೊಂಡು, ಅವನನ್ನು ನೋಡದೆ, ನಿಧಾನವಾಗಿ ಅತ್ತ ತಿರುಗಬೇಕು. ಕಾಲಿನ ಒಡೆಯರಿಗೆ ನಾನು ಹೇಳಬೇಕು.

ಮಾರ್ಚ್ ೧೨, ಬುಧವಾರ

ಹೇಳಿದೆ. ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು. "ಏರು" ಎಂಬಲ್ಲಿ ಕೆಮ್ಮು ಬಂತು. ಬಿಸ್ಕತ್ತಿನ ತಪ್ಪು ನನ್ನದು ಎಂದೆ.

ಆಮೇಲೆ ಅತ್ತೆ ದಿಂಬಿನ ಕೆಳಗಿಂದ ಒಂದು ಪೊಟ್ಟಣ ತೆಗೆದು ಮಂಚದ ಮೇಲಿಟ್ಟರು. ಅದೇ ಬಿಸ್ಕತ್ತು.

"ನಾನೂ ಹಾಕ್ತಿದ್ದೆ. ನೀವು ಕಿವಿಗೆ ಅದನ್ನ ಹಾಕ್ಕೊಂಡು ಕೆಲಸ ಮಾಡ್ತಿರ್ತೀರಿ. ಕೂಗೋಣ ಅಂದ್ರೆ, ಏನಂತ ಕೂಗ್ಲಿ?"

ಸಂಜೆ ಹೆಂಡತಿಯೂ ಒಪ್ಪಿಕೊಂಡಳು. ಬೆಳಿಗ್ಗೆ ಅಮ್ಮನನ್ನು ಸ್ನಾನಕ್ಕೆ ಎಬ್ಬಿಸುವಾಗ ಅವಳದೂ ಒಂದು. ಮೂವರು ಮರ್ಯಾದಸ್ಥರು, ಒಬ್ಬರಿಗೊಬ್ಬರು ತಿಳಿಯದಂತೆ, ಒಂದು ನಾಯಿಗೆ ತರಬೇತಿ ಕೊಟ್ಟಿದ್ದೇವೆ. ಅವನು ಚೆನ್ನಾಗಿ ಕಲಿತಿದ್ದಾನೆ.

ಮಾರ್ಚ್ ೧೫, ಶನಿವಾರ

ಸಾಕಾಗಿಹೋಗಿದೆ. ಬಿಸ್ಕತ್ತು ನಿಂತ ಮೇಲೆ ಅವನ ಹಟ ಹೆಚ್ಚಿದೆ. ಮೊದಲು ಹೀಗೇ ಆಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು, ಆದರೆ ಎಚ್ಚರಿಕೆಯಿಂದ ಏನು ಉಪಯೋಗ. ಸೋಫಾದ ದಿಂಬು, ಹೆಂಡತಿಯ ಕೈಚೀಲ, ನನ್ನ ಕುರ್ಚಿ, ಯಾವುದನ್ನೂ ಬಿಟ್ಟಿಲ್ಲ. ಚಾಪೆಯನ್ನೇ ಏರಿದ. ಕಿರುಚಿದೆ. ಕಿರುಚಿದ್ದಕ್ಕೆ ನನ್ನನ್ನೇ ಏರಿದ.

ಒಂದು ವಿಷಯ ಗಮನಿಸಿದೆ. ವಾಕರಿನ ಸದ್ದಿಗೆ ಮುಂಚೆಯೇ ಶುರುವಾಗುತ್ತದೆ. ಅತ್ತೆ ಎದ್ದಾರು ಎನ್ನುವಾಗ ಹೆಂಡತಿ ಎರಡೂ ಕೈ ಚಾಚಿ ನಿಲ್ಲುತ್ತಾಳೆ. ನಾನು ಕುರ್ಚಿ ತಳ್ಳಿ ಏಳುತ್ತೇನೆ. ಅತ್ತೆ ಉಸಿರು ಬಿಗಿಹಿಡಿಯುತ್ತಾರೆ. ಬಿದ್ದುಬಿಟ್ಟರೆ... ಯಾರೂ ಬಾಯಿ ಬಿಡುವುದಿಲ್ಲ. ಗುಮಾಸ್ತ ಒಬ್ಬೊಬ್ಬರ ಮುಖ ನೋಡುತ್ತಾನೆ. ಆ ಕೋಣೆಯಲ್ಲಿ ಹೆದರದವರು ಯಾರೂ ಇಲ್ಲ. ಹೆದರಿಕೆಯನ್ನು ಮುಚ್ಚಿಡದವನು ಅವನೊಬ್ಬನೇ.

ಮಾರ್ಚ್ ೧೬, ಭಾನುವಾರ

ಬಾಮೈದ ಫೋನ್ ಮಾಡಿದ. ಮೂವತ್ತಕ್ಕೆ ವ್ಯಾನ್ ತರುತ್ತಾನಂತೆ, ಗುಮಾಸ್ತನನ್ನು ಕರೆದುಕೊಂಡು ಹೋಗುತ್ತಾನಂತೆ. ಹೆಂಡತಿ ಸರಿ ಎಂದಳು. ಸ್ಪೀಕರಿನಲ್ಲಿತ್ತು. ಅತ್ತೆಯ ಕೋಣೆಯ ಬಾಗಿಲು ತೆರೆದಿತ್ತು.

ಮಾರ್ಚ್ ೨೪, ಸೋಮವಾರ

ಎಂಟು ದಿನ ಬರೆದಿಲ್ಲ. ಕೆಲಸ. ಕೋಪವೂ.

ಇವತ್ತು ಮಧ್ಯಾಹ್ನ ಹೆಡ್‌ಫೋನ್ ತೆಗೆದಾಗ ವಾಕರಿನ ಸದ್ದು ಕೇಳಿಸಿತು. ಟಕ್. ಸ್ವಲ್ಪ ಬಿಟ್ಟು, ಟಕ್. ಗಾಬರಿಯಿಂದ ಎದ್ದು ಓಡಿದೆ. ಅತ್ತೆ ಕುರ್ಚಿಯಲ್ಲೇ ಕುಳಿತಿದ್ದಾರೆ. ಏಳುತ್ತಿಲ್ಲ. ವಾಕರನ್ನು ಎತ್ತಿ ನೆಲಕ್ಕೆ ಕುಟ್ಟುತ್ತಾರೆ, ಚಾಪೆಯ ಮೇಲೆ ಒಂದು ಚೂರು ಬಿಸ್ಕತ್ತು ಹಾಕುತ್ತಾರೆ. ಕುಟ್ಟುತ್ತಾರೆ, ಹಾಕುತ್ತಾರೆ. ಗುಮಾಸ್ತ ಚಾಪೆ ಬಿಟ್ಟು ಕದಲಿಲ್ಲ. ಬಾಲ ಮಾತ್ರ ನೆಲ ಗುಡಿಸುತ್ತಿತ್ತು.

ಇದನ್ನು ನಾಯಿ ಡಾಕ್ಟರು ಹೇಳಿಕೊಟ್ಟಿರಲಿಲ್ಲ.

ಹೊಸಿಲು ದಾಟಹೊರಟೆ. ಅತ್ತೆ ತಲೆಯೆತ್ತಲಿಲ್ಲ.

"ನೀವು ಬರಬೇಡಿ. ನೀವು ಬಂದ್ರೆ ಅದಕ್ಕೆ ಗಾಬರಿಯಾಗುತ್ತೆ."

ವಾಪಸು ಬಂದು ಕುಳಿತೆ. ಅವಮಾನವಾಗಬೇಕಿತ್ತು.

ಮಾರ್ಚ್ ೨೮, ಶುಕ್ರವಾರ

ಮೂರು ದಿನದಿಂದ ಅತ್ತೆ, ಗುಮಾಸ್ತ ಚಾಪೆಯ ಮೇಲಿರುವಾಗ, ಎದ್ದು ನಡೆಯುತ್ತಿದ್ದಾರೆ. ಇವತ್ತು ಡಾಕ್ಟರು ಮೊಣಕಾಲು ಬಗ್ಗಿಸಿ ನೋಡಿದರು. ಇನ್ನೂ ಸ್ವಲ್ಪ ಕಡಿಮೆಯೇ. ಆದರೆ ಆಸ್ಪತ್ರೆ ಬೇಡ, ಹೀಗೇ ನಡೆಯುತ್ತಿರಿ ಎಂದರು. ವ್ಯಾಯಾಮ ಯಾರು ಮಾಡಿಸುತ್ತಿದ್ದಾರೆ ಎಂದು ಕೇಳಿದ್ದಕ್ಕೆ ಅತ್ತೆ, ಮನೆಯಲ್ಲಿ ಒಬ್ಬ ಇದ್ದಾನೆ ಎಂದರು. ಡಾಕ್ಟರು ನನ್ನ ಭುಜ ತಟ್ಟಿದರು. ನಾನು ತಿದ್ದಲಿಲ್ಲ.

ವ್ಯಾನಿನ ಮಾತು ಯಾರೂ ಎತ್ತಿಲ್ಲ. ಬೆಳಿಗ್ಗೆ ಹೆಂಡತಿ ಗುಮಾಸ್ತನ ತಟ್ಟೆ, ಬೆಲ್ಟು ಒಂದು ಚೀಲಕ್ಕೆ ಹಾಕಿದಳು. ಸಂಜೆ ಹೊರಗೆ ತೆಗೆದಳು. ಮತ್ತೆ ಹಾಕಿದಳು.

ಮಾರ್ಚ್ ೩೦, ಭಾನುವಾರ, ಬೆಳಿಗ್ಗೆ

ಹೊರಗೆ ವ್ಯಾನ್ ನಿಂತಿದೆ. ಹೆಂಡತಿ ಸ್ನಾನಕ್ಕೆ ಹೋಗಿದ್ದಾಳೆ. ಏಳಬಾರದು ಎಂದು ಅತ್ತೆಯ ಕಟ್ಟಪ್ಪಣೆ, ಹಾಗಾಗಿ ಮೇಜಿನ ಮುಂದೆ ಕುಳಿತು ಕೇಳಿದ್ದನ್ನು ಬರೆಯುತ್ತಿದ್ದೇನೆ. ನನ್ನ ಕೆಲಸವೇ ಅದು.

ಟಕ್. ಟಕ್. ಅತ್ತೆ ಬಾಗಿಲಿಗೆ ಹೋಗುತ್ತಿದ್ದಾರೆ. ಚಿಲಕ. ಬಾಮೈದನ ದೊಡ್ಡ ದನಿ, ಎದ್ದು ಓಡಾಡ್ತಿದ್ದೀಯಲ್ಲಮ್ಮ, ಎಂದು. ಉಗುರುಗಳ ಓಟ. ಬಾಮೈದ ನಗುತ್ತಿದ್ದಾನೆ, ಥೂ ಥೂ ಎನ್ನುತ್ತಿದ್ದಾನೆ, ಕಾಲು ಕೊಡವುತ್ತಿದ್ದಾನೆ.

"ನಗಬೇಡ. ಏರ್ತಾನೆ ಅವನು, ಗಾಬರಿಯಾದ್ರೆ. ಸುಮ್ನೆ ಆ ಕಡೆ ತಿರುಗಿ ನಿಲ್ಲು."

ಏರ್ತಾನೆ. ಅತ್ತೆಯ ಬಾಯಲ್ಲಿ. ಗಂಟೆ ಹೊಡೆದ ಹಾಗೆ.

ಬೆಲ್ಟು ಎಲ್ಲಿ ಎಂದು ಬಾಮೈದ ಕೇಳುತ್ತಿದ್ದಾನೆ.

"ಅವನು ಎಲ್ಲಿಗೂ ಬರಲ್ಲ. ನನ್ನ ನಡಿಗೆ ಇನ್ನೂ ಮುಗಿದಿಲ್ಲ. ನೀನು ಕೂತ್ಕೋ, ಕಾಫಿ ಕುಡಿ. ಗುಮಾಸ್ತ, ಚಾಪೆ."

ಅತ್ತೆ ಇದುವರೆಗೆ ಅವನನ್ನು ಹೆಸರು ಹಿಡಿದು ಕರೆದವರಲ್ಲ.

ಯಾರೂ ಮಾತಾಡುತ್ತಿಲ್ಲ. ಬಚ್ಚಲಿನ ನೀರಿನ ಸದ್ದೂ ನಿಂತಿದೆ. ಎದ್ದು ನೋಡಬಾರದು. ಉಗುರುಗಳು ಮತ್ತೆ. ನಿಧಾನ. ಮೊದಲು ಬಾಗಿಲ ಕಡೆಗೆ. ನಿಂತವು. ಈಗ ಚಾಪೆಯ ಕಡೆಗೆ.